ಬಾಳಾಸಾಬನ ಹಗ್ಗ

ಎರಡು ದಿನ ಒದ್ದಾಡಿದರೂ ಕಾರಿನ ಹೆಡ್ ಕೂದಲೆಳೆಯಷ್ಟೂ ಮೇಲೇಳಲಿಲ್ಲ. ಹನ್ನೊಂದು ನಟ್ಟುಗಳನ್ನೂ ಬಿಚ್ಚಿಯಾಗಿತ್ತು, ಬೋಲ್ಟುಗಳ ಬುಡಕ್ಕೆ ಡೀಸೆಲ್ ಹೊಯ್ದು ರಾತ್ರಿಯೆಲ್ಲ ಬಿಟ್ಟಾಗಿತ್ತು, ಕಟ್ಟಿಗೆಯ ಕೊಡತಿಯಿಂದ ನಾಲ್ಕೂ ಮಗ್ಗುಲು ಬಡಿದಾಗಿತ್ತು. ಎಂಜಿನ್ನಿನ ಮೇಲಿನ ಆ ಅಲ್ಯುಮಿನಿಯಮ್ ಭಾಗ ಕೆಳಗಿನ ಬೀಡುಕಬ್ಬಿಣವನ್ನು ಬಿಡಲೊಲ್ಲದು. ಸಂಗ್ರಾಮನ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದಿದ್ದವು.

ಕಾರು ಉಗಾರ ಬುದ್ರುಕದ ಜಿನೇಂದ್ರ ಸಾವಕಾರರದು, ಇಪ್ಪತ್ತೆರಡು ವರ್ಷ ಹಳೆಯದು. ಕೆಲಸ ನಡೆದದ್ದೂ ಅವರ ಅಂಗಳದಲ್ಲೇ. ಜೈನರಾದ ಸಾವಕಾರರು ಸೋಸದ ನೀರು ಕುಡಿದವರಲ್ಲ, ಕಾರಿಗೂ ಕುಡಿಸಿದವರಲ್ಲ. ರೇಡಿಯೇಟರಿನ ಕಾವಿಗೆ ಕಣ್ಣಿಗೆ ಕಾಣದ ಜೀವಗಳು ಬೇಯಬಾರದೆಂದು ಇಷ್ಟೂ ವರ್ಷ ತಮ್ಮ ತೋಟದ ಬಾವಿಯ ನೀರನ್ನೇ ಎರಡು ಪದರ ಬಟ್ಟೆಯಲ್ಲಿ ಸೋಸಿ ತಾವೇ ಹೊಯ್ಯುತ್ತಿದ್ದರು; ಬಟ್ಟೆಯಲ್ಲಿ ಉಳಿದದ್ದನ್ನು ಅದೇ ಬಾವಿಗೆ ಮರಳಿ ಬಿಡುತ್ತಿದ್ದರು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಆ ತೋಟ ಸವಳಾಗಿತ್ತು. ಬಾವಿಯ ನೀರು ನಾಲಿಗೆಗೆ ಹತ್ತುವಷ್ಟು ಉಪ್ಪು. ಆ ಉಪ್ಪು ಒಳಗೊಳಗೇ ಬೋಲ್ಟನ್ನೂ ಹೆಡ್ಡನ್ನೂ ತಿಂದು ಒಂದು ಮಾಡಿತ್ತು.

ಮೂರನೆಯ ದಿನ ಬೆಳಿಗ್ಗೆ ಸಾವಕಾರರು ಕಟ್ಟೆಯ ಮೇಲೆ ಕೂತು ಹೇಳಿದರು: "ಸಂಗ್ರಾಮಾ, ಬಾಳಾಸಾಬನ್ನ ಕರಕೊಂಡ ಬಾ. ಯಾರ ಕೈಲೆ ಇದು ಏಳತೈತಿ, ಈ ಸೀಜನ್ ನಮ್ಮ ಐದೂ ಟ್ರ್ಯಾಕ್ಟರ್ ರಿಪೇರಿ ಅವನ ಕಡೆ."

ಸಾವಕಾರರ ಟ್ರ್ಯಾಕ್ಟರ್ ಹೋದ ಕಡೆಗೇ ಊರಿನ ಉಳಿದ ಟ್ರ್ಯಾಕ್ಟರುಗಳೂ ಹೋಗುತ್ತಿದ್ದವು. ಸಂಗ್ರಾಮ ಕಾಗವಾಡದಲ್ಲಿ ಗ್ಯಾರೇಜು ತೆರೆದು ಒಂದೇ ವರ್ಷವಾಗಿತ್ತು. ಬಾಳಾಸಾಬ ಅವನಿಗೆ ಕೆಲಸ ಕಲಿಸಿದ ವಸ್ತಾದ. ಕಣ್ಣಿಗೆ ಪೊರೆ ಬಂದು ಗ್ಯಾರೇಜು ಮುಚ್ಚಿದ್ದ. ಈಗ ಅಳಿಯ ಹಾಲಸಿದ್ದನನ್ನು ಅಥಣಿಯಿಂದ ಕರೆಸಿ ಮತ್ತೆ ಬಾಗಿಲು ತೆಗೆಸುತ್ತಾನೆಂಬ ಸುದ್ದಿ ಇತ್ತು. ಇವತ್ತು ಹೆಡ್ ಬಾಳಾಸಾಬನ ಕೈಯಲ್ಲಿ ಎದ್ದರೆ ಸಂಗ್ರಾಮನ ಅಂಗಡಿಯ ಮುಂದೆ ನಾಯಿ ಮಲಗುವುದು ಖಂಡಿತ.

ಇಂಥ ಹೆಡ್ಡುಗಳನ್ನು ಬಾಳಾಸಾಬ ಹಗ್ಗದಿಂದ ಎಬ್ಬಿಸುತ್ತಾನೆ ಎಂಬುದು ಮಿರಜಿನವರೆಗೂ ಗೊತ್ತು. ಹೇಗೆ ಎಂಬುದು ಯಾರಿಗೂ ಗೊತ್ತಿಲ್ಲ. ಒಂಬತ್ತು ವರ್ಷ ಅವನ ಕೈಕೆಳಗೆ ದುಡಿದ ಸಂಗ್ರಾಮನಿಗೂ ಗೊತ್ತಿಲ್ಲ. ಹಗ್ಗ ಕೈಗೆತ್ತಿಕೊಂಡ ಕೂಡಲೇ ವಸ್ತಾದ ಅವನನ್ನು ಚಹಾ ತರಲು ಅಟ್ಟುತ್ತಿದ್ದ. ಚಹಾ ಬರುವಷ್ಟರಲ್ಲಿ ಹೆಡ್ ನೆಲದ ಮೇಲಿರುತ್ತಿತ್ತು. ಒಮ್ಮೆ ಬಾಗಿಲ ಸಂದಿಯಿಂದ ಇಣುಕಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ನಟ್ಟು ಬಿಚ್ಚುವ ಪಾನಾದಿಂದ ಹೊಡೆದಿದ್ದ. ಸಂಗ್ರಾಮನ ಎಡಗೈಯ ಆ ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ.

ಬೈಕಿನ ಹಿಂದೆ ಕೂತು ಬಂದ ಬಾಳಾಸಾಬ ಹೆಡ್ಡನ್ನು ಸವರಿದ, ಬೆರಳನ್ನು ನಾಲಿಗೆಗೆ ಹಚ್ಚಿಕೊಂಡ, ಉಗುಳಿದ.

"ಸಾವಕಾರ್ರ, ಜೀವಾ ಸೋಸೀರಿ ಖರೆ, ಉಪ್ಪ ಸೋಸಲಿಲ್ಲ."

ಸಾವಕಾರರ ಮಗ ಭೂಪಾಲ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಳಾಸಾಬ ಸಂಗ್ರಾಮನ ಕಡೆ ತಿರುಗಿದ. "ಬಿಚ್ಚಿದ್ದ ನಟ್ ಎಲ್ಲಾ ಮತ್ತ ಹಾಕಿ ಬಿಗಿ. ಮಂದಿ ಅರ್ಧಾ ಕೆಡಿಸಿದ ಕೆಲಸಕ್ಕ ನಾ ಕೈ ಹಚ್ಚೂದಿಲ್ಲ. ಮೊದಲಿನಿಂದ ಬಿಚ್ಚೂಣು."

ಹತ್ತು ಜನರ ಎದುರು ಸಂಗ್ರಾಮ ಹನ್ನೊಂದೂ ನಟ್ಟು ಬಿಗಿದ; ಎಣಿಸಿದವರು ಯಾರೂ ಇರಲಿಲ್ಲ. ಮತ್ತೆ ಬಿಚ್ಚತೊಡಗಿದ.

"ಇಬ್ಬರದೂ ಛಲೋ ಜೋಡಿ ಆತು ನೋಡ್ರಿ," ಭೂಪಾಲ ನೆರೆದವರಿಗೆ ಹೇಳಿದ. "ವಸ್ತಾದಗ ಕಣ್ಣಿಲ್ಲ, ಶಿಷ್ಯಾಗ ಕೈಯಿಲ್ಲ. ಇಬ್ಬರೂ ಕೂಡಿದ್ರ ಒಬ್ಬ ಮೆಕ್ಯಾನಿಕ್ ಆಕ್ಕಾನ."

"ಕೈ ಇತ್ರಿ ಅಣ್ಣಾರ," ಎಂದ ಬಾಳಾಸಾಬ. "ತಲಿ ಇರಲಿಲ್ಲ. ಒಂಬತ್ತ ವರ್ಷ ಚಾ ತರೂದ ಕಲಿಸೀನಿ. ಅದೊಂದ ಕಲಿತಾನ."

ಹತ್ತು ನಟ್ಟುಗಳು ತಾಟಿನಲ್ಲಿ ಬಿದ್ದವು. ಹನ್ನೊಂದನೆಯದು ಕಾರ್ಬ್ಯುರೇಟರ್ ಕೂರುವ ಜಾಗದ ಕೆಳಗೆ ಒಂದು ಕುಳಿಯಲ್ಲಿತ್ತು. ಮೇಲೆ ಎಣ್ಣೆ, ಮಸಿ. ಗೊತ್ತಿಲ್ಲದವನಿಗೆ ಅಲ್ಲೊಂದು ನಟ್ಟಿದೆ ಎಂದೇ ತಿಳಿಯದು. ಸಂಗ್ರಾಮನ ಪಾನಾ ಅಲ್ಲಿಯವರೆಗೆ ಹೋಯಿತು, ನಿಂತಿತು. ಅವನು ಅದನ್ನು ಹಿಂದಕ್ಕೆ ತೆಗೆದು ಬಟ್ಟೆಯಿಂದ ಒರೆಸಿದ.

ಬಾಳಾಸಾಬನ ಗ್ಯಾರೇಜಿನಲ್ಲಿ ಒಂದೇ ಕಾಯಿದೆ: ಬಿಚ್ಚಿದವನು ಎಣಿಸಬೇಕು, ಎಬ್ಬಿಸುವವನು ಕೇಳಬೇಕು. ಎಬ್ಬಿಸುವವನು ತಾನೇ ಎಣಿಸಲು ಹೋದರೆ ಬಿಚ್ಚಿದವನನ್ನು ನಂಬಲಿಲ್ಲ ಎಂದಾಗುತ್ತದೆ. ಎಷ್ಟೇ ಬೈದರೂ, ಹೊಡೆದರೂ ವಸ್ತಾದ ಆ ಕಾಯಿದೆ ಮುರಿದವನಲ್ಲ.

"ಎಲ್ಲಾ ಬಂದಾವೇನು?" ಬಾಳಾಸಾಬ ಕೇಳಿದ.

"ಎಲ್ಲಾ ಬಂದಾವ್ರಿ."

"ಹಂಗಾರ ಹಗ್ಗಾ ಕೊಡು."

ಕಣ್ಣಿಲ್ಲದವನು ಈ ಸಲ ಯಾರನ್ನೂ ಚಹಾಕ್ಕೆ ಕಳಿಸುವ ಹಾಗಿರಲಿಲ್ಲ. ಸಂಗ್ರಾಮನ ಕೈಯಿಂದಲೇ ಮಾಡಿಸಬೇಕಾಯಿತು. ಒಂದನೆಯ ಮತ್ತು ನಾಲ್ಕನೆಯ ಪ್ಲಗ್ ತೂತುಗಳಿಂದ ನೂಲಿನ ಹಗ್ಗವನ್ನು ಗೇಣುಗೇಣಾಗಿ ಒಳಗೆ ಇಳಿಸುವುದು. ಆಮೇಲೆ ಎಂಜಿನ್ನಿನ ಮುಂದಿನ ಪುಲ್ಲಿ ಚಕ್ರಕ್ಕೆ ದೊಡ್ಡ ಪಾನಾ ಹಾಕಿ ತಿರುಗಿಸುವುದು. ಆ ಎರಡೂ ಪಿಸ್ಟನ್ನುಗಳು ಜೋಡಿಯಾಗಿ ಏರುತ್ತವೆ, ಹಗ್ಗ ಗಂಟಾಗಿ ಮೇಲಿನ ಹೆಡ್ಡನ್ನು ಒಳಗಿನಿಂದಲೇ ಒತ್ತುತ್ತದೆ. ಇಷ್ಟೇ. ಒಂಬತ್ತು ವರ್ಷ ಮುಚ್ಚಿಟ್ಟದ್ದು ಇಷ್ಟೇ. ಸಂಗ್ರಾಮನಿಗೆ ಅಳುವಷ್ಟು ಸಿಟ್ಟು ಬಂತು. ಈಗಲೂ ಹೊತ್ತು ಮೀರಿರಲಿಲ್ಲ. ಇನ್ನೊಂದು ಉಳಿದಿದೆ ಎನ್ನಬಹುದಿತ್ತು. ಅವನು ತಾಟನ್ನು ಕಾಲಿನಿಂದ ಕಾರಿನ ಕೆಳಗೆ ಸರಿಸಿದ.

ಪಾನಾವನ್ನು ಮಾತ್ರ ಬಾಳಾಸಾಬ ಬಿಟ್ಟುಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿದ. ಹೆಡ್ಡಿನ ಒಂದು ಮಗ್ಗುಲು ಕರ್ರೆಂದು ಎದ್ದಿತು. ಸುತ್ತಲಿನವರು ಹೋ ಎಂದರು. ಮುದುಕನ ಮುಖ ಅರಳಿತು. ಇನ್ನೊಮ್ಮೆ ಒತ್ತಿದ.

ಕಬ್ಬು ಮುರಿದಂಥ ಸದ್ದು.

ಭೂಪಾಲ ಬಗ್ಗಿ ನೋಡಿದ. "ಬಂತು ನೋಡ್ರೆಪಾ. ಎರಡ ತುಂಡಾಗಿ ಬಂತು. ಮುದುಕಾ, ತೆಗಿ ಅಂದಿದ್ವಿ, ಸೀಳು ಅಂದಿದ್ದಿಲ್ಲೊ."

ನಗೆ ಅಂಗಳದ ತುಂಬ ಹರಡಿತು. ಯಾರೋ, ಕುರುಡನಿಗೆ ಕಾರು ಕೊಟ್ಟವರದೇ ತಪ್ಪು ಎಂದರು. ಬಾಳಾಸಾಬ ಪಾನಾ ಕೆಳಗಿಟ್ಟು ಬಿರುಕಿನ ಉದ್ದಕ್ಕೂ ಬೆರಳು ಎಳೆದ. ಬೆರಳು ಬಿರುಕು ಮುಗಿಯುವಲ್ಲಿಗೆ ಹೋಗಿ, ಕುಳಿಗೆ ಇಳಿದು, ಮಸಿಯೊಳಗೆ ಬಿಗಿಯಾಗಿ ಕೂತಿದ್ದ ನಟ್ಟನ್ನು ಮುಟ್ಟಿತು. ಅಲ್ಲೇ ಉಳಿಯಿತು. ನಗುತ್ತಿದ್ದವರು ಒಬ್ಬೊಬ್ಬರಾಗಿ ಅದನ್ನು ಕಂಡು ಹತ್ತಿರ ಸರಿದರು.

"ಸಂಗ್ರಾಮಾ," ಬಾಳಾಸಾಬನ ದನಿ ಏರಲಿಲ್ಲ. "ಇದು ಇರೂದ ನಿನಗ ಗೊತ್ತಿರಲಿಲ್ಲೇನು? ಇಲ್ಲಾ ಗೊತ್ತಿದ್ದೂ ಹೇಳಲಿಲ್ಲೇನು?"

ಸಂಗ್ರಾಮ ಈ ಪ್ರಶ್ನೆಯನ್ನು ಎಣಿಸಿರಲಿಲ್ಲ. ಮುದುಕ ಬೈಯುತ್ತಾನೆ, ಅಳುತ್ತಾನೆ, ಮಂದಿ ಅವನನ್ನು ನೋಡಿ ನಗುತ್ತಾರೆ ಎಂದಷ್ಟೇ ಲೆಕ್ಕ ಹಾಕಿದ್ದ. ಗೊತ್ತಿರಲಿಲ್ಲ ಎಂದರೆ ನಟ್ಟು ಎಷ್ಟೆಂದು ತಿಳಿಯದವನ ಕೈಗೆ ಯಾರು ಟ್ರ್ಯಾಕ್ಟರ್ ಬಿಡುತ್ತಾರೆ? ಗೊತ್ತಿತ್ತು ಎಂದರೆ ಸಾವಕಾರರ ಕಾರನ್ನು ಕೈಯಾರೆ ಕೊಂದವನು. ಸಾವಕಾರರು ಕಟ್ಟೆಯಿಂದ ಅವನನ್ನೇ ನೋಡುತ್ತಿದ್ದರು. ಕೆಟ್ಟವನೆಂಬ ಹೆಸರನ್ನು ನಾಲ್ಕು ವರ್ಷದಲ್ಲಿ ಮಂದಿ ಮರೆಯುತ್ತಾರೆ, ದಡ್ಡನೆಂಬುದನ್ನು ಮರೆಯುವುದಿಲ್ಲ.

"ಗೊತ್ತಿತ್ರಿ," ಎಂದ.

ಸಾವಕಾರರು ಎದ್ದು ಕಾಲು ತೊಳೆದುಕೊಂಡು ಒಳಗೆ ಹೋದರು. ಐದೂ ಟ್ರ್ಯಾಕ್ಟರುಗಳು ಮಿರಜಿಗೆ ಹೋಗುತ್ತವೆಂದು ಭೂಪಾಲ ಆಮೇಲೆ ತಿಳಿಸಿದ.

ಬಾಳಾಸಾಬ ಎಣ್ಣೆಗೈಯನ್ನು ಸಂಗ್ರಾಮನ ಅಂಗಿಯ ಎದೆಗೆ ಒರೆಸಿ ಕಿವಿಯ ಹತ್ತಿರ ಬಾಗಿದ. "ಹಗ್ಗದಾಗ ಇನ್ನೊಂದ ಕೆಲಸ ಐತಿ. ಇವತ್ತ ನಾ ಮಾಡಲಿಲ್ಲ. ನೀ ನೋಡಾಕತ್ತಿದ್ದಿ, ಅದಕ್ಕ."

ಆ ಚಳಿಗಾಲ ಸತ್ತಿ ಊರಿನ ಒಂದು ಹಳೆಯ ಜೀಪಿಗೆ ಸಂಗ್ರಾಮ ಹಗ್ಗ ಹಾಕಿದ. ಹೆಡ್ ಎದ್ದಿತು, ಆದರೆ ಎರಡು ವಾಲ್ವ್ ಬಾಗಿದ್ದವು. ರಾತ್ರಿಯೆಲ್ಲ ಯೋಚಿಸಿದ. ಹಗ್ಗಕ್ಕೆ ಎಣ್ಣೆ ಹಚ್ಚಬೇಕೇ? ಗಂಟು ಹಾಕಬೇಕೇ? ಹಾಕಿದರೆ ಎಲ್ಲಿ? ಹಾಲಸಿದ್ದ ಬರಲಿಲ್ಲ, ಬಾಳಾಸಾಬನ ಗ್ಯಾರೇಜು ತೆರೆಯಲಿಲ್ಲ. ಅದರಿಂದ ಸಂಗ್ರಾಮನಿಗೆ ಅಂದುಕೊಂಡಷ್ಟು ಸುಖವಾಗಲಿಲ್ಲ.

ಸಂಕ್ರಾಂತಿಯ ಮರುದಿನ ವಸ್ತಾದನ ಮನೆಗೆ ಹೋದ. ಹೆಂಡತಿ ಸಕ್ಕುಬಾಯಿ ಚಾಪೆ ಹಾಸಿದಳು. ಬಾಳಾಸಾಬ ಹೊಳೆಯ ನೀರಿನ ಬಗ್ಗೆ ಮಾತಾಡಿದ, ಸಕ್ಕರೆ ಕಾರ್ಖಾನೆಯ ಸೀಟಿಯ ಬಗ್ಗೆ ಮಾತಾಡಿದ, ಸಂಗ್ರಾಮ ಹಗ್ಗದ ಮಾತೆತ್ತಿದಾಗ ಮಲಗಿಬಿಟ್ಟ. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಸಂಗ್ರಾಮ ಅವನ ಕಾಲು ಹಿಡಿದುಕೊಂಡ.

"ಏನೂ ಇಲ್ಲಲೇ," ಬಾಳಾಸಾಬ ಕಾಲು ಎಳೆದುಕೊಂಡ. "ಸುಮ್ಮ ಅಂದಿದ್ನಿ."

ಸಂಗ್ರಾಮ ಆ ಬಿಳಿ ಕಣ್ಣುಗಳನ್ನು ಬಹಳ ಹೊತ್ತು ನೋಡಿದ. ಸುಳ್ಳು ಹೇಳುತ್ತಿದ್ದಾನೆ ಎನಿಸಿತು. ಮುಂದಿನ ಸೋಮವಾರ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಮತ್ತೆ ಹೋದ. ಬಾಳಾಸಾಬ ಒಂದೊಂದೇ ಸುಲಿದು, ನಿಧಾನವಾಗಿ ಅಗಿದು, ಸಿಪ್ಪೆಗಳನ್ನು ಅವನ ಕೈಗೆ ಕೊಡುತ್ತ ಹೋದ.