ಅತಿಥಿಗೊಂದು ಕೇರಿ

ಗುರುವಾರ ಬೆಳಿಗ್ಗೆ ಗ್ಯಾಸಿನವನು ಎಂದಿನಂತೆ ಸಿಲಿಂಡರಿಗೆ ಕಬ್ಬಿಣ ಬಡಿಯುತ್ತ ಬೀದಿಗೆ ಬಂದ. ರೆಗ್ಲಾ ಬಾಗಿಲಿಗೆ ಹೋಗಿ ಒಂದು ತೆಗೆದುಕೊಂಡಳು. ಗಂಡ ಸೆರ್ವಾಂಡೊನ ಶವಸಂಸ್ಕಾರ ಮಂಗಳವಾರ ಆಗಿತ್ತು. ಬುಧವಾರವೆಲ್ಲ ಮನೆ ತುಂಬ ಜನ. ಈ ದಿನ ಯಾರೂ ಇರಲಿಲ್ಲ. ಗ್ಯಾಸು ಮುಗಿದಿತ್ತು, ಕಾಫಿ ಮಾಡಬೇಕಿತ್ತು, ಅಷ್ಟೆ.

ಕಾಫಿ ಕುಡಿದು ಅವಳು ಸೆರ್ವಾಂಡೊನ ಮೇಜಿನ ಮುಂದೆ ಕುಳಿತಳು. ಬೇರೆಲ್ಲಿ ಕೂರುವುದೆಂದು ತೋಚಿರಲಿಲ್ಲ.

ನಾಲ್ಕು ದಿನದ ಮಟ್ಟಿಗೆ ಕಡಲತಡಿಯ ಕಾದಿಸ್ ಊರನ್ನು ನೋಡಲು ಬರುವವರಿಗೆ ಎಲ್ಲಿ ಉಳಿದುಕೊಳ್ಳಬೇಕೆಂದು ಹೇಳುವುದು ಅವನ ಕೆಲಸವಾಗಿತ್ತು. ಹೋಟೆಲು ಗೀಟೆಲು ಅವನಿಗೆ ಸೇರದು. ಊರಿನ ಐದಾರು ಕೇರಿಗಳಲ್ಲಿ ರೂಮು ಬಿಡುವ ಹೆಂಗಸರೆಲ್ಲ ಅವನಿಗೆ ಗೊತ್ತು. ಮೊದಲು ಕೇರಿ, ಆಮೇಲೆ ಮನೆ ಎನ್ನುತ್ತಿದ್ದ. ಬರುವವರನ್ನು ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಎದ್ದ ಮೇಲೆ ಮೊದಲ ಒಂದು ಗಂಟೆ ಏನು ಮಾಡುತ್ತೀರಿ? ಉತ್ತರ ಬಂದ ಮೇಲೆ ಟೋಪಿ ಹಾಕಿಕೊಂಡು ಎಲ್ಲಿಗೋ ಹೋಗಿಬಿಡುತ್ತಿದ್ದ. ಬಂದು ಕೇರಿಯ ಹೆಸರು ಹೇಳುತ್ತಿದ್ದ. ತಪ್ಪಿದ್ದನ್ನು ಅವಳು ನೋಡಿರಲಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೊಂದು ಕಡಲು ಕಾಣುವ ರೂಮೇ ಬೇಕೆಂದು ಹಟ ಹಿಡಿದಾಗ, ಅವನು ಕಿಟಕಿಯಿಂದ ಬಂದರಿನ ಬಾವುಟ ಹಾರುವ ದಿಕ್ಕು ನೋಡಿ ಅವರನ್ನು ಪೊಪುಲೊ ಕೇರಿಯ ಇಕ್ಕಟ್ಟು ಓಣಿಗೆ ಕಳಿಸಿದ್ದ. ಇಬ್ಬರೂ ಮುಖ ಊದಿಸಿಕೊಂಡು ಹೋದರು. ಮೂಡಣ ಗಾಳಿ ಎರಡು ದಿನ ದಂಡೆಯ ಮನೆಗಳ ಕಿಟಕಿಗಳನ್ನು ಅಲುಗಾಡಿಸಿ ಯಾರನ್ನೂ ಮಲಗಗೊಡಲಿಲ್ಲ. ಊರಿಗೆ ಹೊರಟಾಗ ಆ ಹುಡುಗಿ ಓಣಿಯ ಮನೆಯೊಡತಿಯನ್ನು ತಬ್ಬಿಕೊಂಡು ಅತ್ತಳಂತೆ.

ರೆಗ್ಲಾ ಭೂಗೋಳ ಓದಿದವಳು. ವಿಶ್ವವಿದ್ಯಾಲಯಕ್ಕೆಂದು ಚಿಪಿಯೋನಾ ಊರಿನಿಂದ ಬಂದು ಇಲ್ಲೇ ಉಳಿದವಳು. ಸದ್ದು ಎಲ್ಲಿ ಹೆಚ್ಚು, ಮೆಟ್ಟಿಲು ಎಲ್ಲಿ ಹೆಚ್ಚು, ಔಷಧಿ ಅಂಗಡಿ ಎಲ್ಲೆಲ್ಲಿ ಎಂದು ಬಣ್ಣ ಹಾಕಿ ಅವನಿಗೊಂದು ನಕ್ಷೆ ಮಾಡಿಕೊಟ್ಟಿದ್ದಳು. ಅವನು ಅದನ್ನು ಗೋಡೆಗೆ ಹಚ್ಚಿ, ಬಂದವರಿಗೆಲ್ಲ ತೋರಿಸಿ, ಒಂದು ದಿನವೂ ಬಳಸದೆ ಬಿಟ್ಟಿದ್ದ.

ಮೇಜಿನ ಕಂಪ್ಯೂಟರಿನಲ್ಲಿ, ವಿಗೊ ಊರಿನ ಉಶಿಯಾ ಎಂಬಾಕೆಯ ಆ ಬೆಳಗಿನ ಪತ್ರಕ್ಕೆ ಉತ್ತರ ಹೋಗಿರಲಿಲ್ಲ. 'ನಾಡಿದ್ದು ಬರುತ್ತೇವೆ ಎಂದಿದ್ದೆವು. ನಾಳೆಯೇ ಹೊರಟಿದ್ದೇವೆ. ಯಾವ ಕೇರಿ ಎಂದು ನೀವಿನ್ನೂ ತಿಳಿಸಿಲ್ಲ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು. ಅಪ್ಪ ಅಲ್ಲಿಂದೀಚೆಗೆ ಹೊಸ್ತಿಲು ದಾಟಿಲ್ಲ. ಮೂರು ರಾತ್ರಿಗೆ ಎಂದು ಹೇಗೋ ಒಪ್ಪಿಸಿದ್ದೇನೆ. ಇದು ಕೆಟ್ಟರೆ ಅವರು ಮತ್ತೆ ಮನೆ ಬಿಟ್ಟು ಹೊರಡುವವರಲ್ಲ.' ಅದರ ಕೆಳಗೆ, ಸೆರ್ವಾಂಡೊನ ಪ್ರಶ್ನೆಗೆ ಅವಳು ಎರಡು ವಾರದ ಹಿಂದೆ ಬರೆದಿದ್ದ ಉತ್ತರವೂ ಇತ್ತು. 'ಅಪ್ಪನಿಗೆ ಒಂದು ಕಿವಿ ಕೇಳಿಸುವುದಿಲ್ಲ. ಎದ್ದವರು ಅಡುಗೆಮನೆಯ ಕಿಟಕಿ ತೆಗೆದು ನಿಲ್ಲುತ್ತಾರೆ. ಕೆಳಗಿನ ಅಂಗಡಿಯವರು ಶಟರ್ ಎತ್ತುವ ತನಕ. ಆಮೇಲೆ ಒಳಗೆ ಬರುತ್ತಾರೆ.'

ರೆಗ್ಲಾ ಎರಡು ಸಲ ಓದಿದಳು. ಬೆಳಗಿನ ಮೌನ ಇಷ್ಟಪಡುವ ಮನುಷ್ಯ. ಸದ್ದು ಶುರುವಾದೊಡನೆ ಒಳಗೆ ಹೋಗುತ್ತಾನೆ. ಅವಳು ಎದ್ದು ಗೋಡೆಯ ನಕ್ಷೆಯ ಮುಂದೆ ನಿಂತಳು.

ಕೆಳಗಿನ ಮಹಡಿಯ ಎಂಕರ್ನಾ ಸಾರಿನ ಪಾತ್ರೆ ಹಿಡಿದುಕೊಂಡು ಬಂದಳು. ಎಪ್ಪತ್ತು ದಾಟಿದ ಹೆಂಗಸು. ಅವಳೂ ಒಂದು ರೂಮು ಬಿಡುತ್ತಿದ್ದಳು.

"ಊಟ ಮಾಡು ಮೊದಲು. ಆ ಗೋಡೆ ಎಲ್ಲೂ ಓಡಿಹೋಗಲ್ಲ."

"ನಾಳೆ ಒಬ್ಬರು ವಯಸ್ಸಾದವರು ಬರ್ತಿದಾರೆ. ಕೇರಿ ಗೊತ್ತು ಮಾಡ್ಬೇಕು."

"ನನ್ನ ರೂಮು ಇದೆಯಲ್ಲ. ಅದನ್ನೇ ಕೊಡು."

"ಅವರಿಗೆ ಸದ್ದು ಆಗಿಬರಲ್ಲ. ಕೆಳಗೆ ಆ ಗಲಾಟೆ ಇಟ್ಕೊಂಡು?"

"ಯಾವ ಗಲಾಟೆ?" ಎಂಕರ್ನಾ ನಿಜಕ್ಕೂ ಕೇಳಿದಳು. ಮನೆಯ ನೆಲಮಾಳಿಗೆಯಲ್ಲಿ, ಕಾರ್ನಿವಲ್ ಹಬ್ಬದ ಹಾಡಿನ ಸ್ಪರ್ಧೆಗೆಂದು ತಂಡವೊಂದು ಸೆಪ್ಟೆಂಬರಿನಿಂದ ಪ್ರತಿ ಸಂಜೆ ಹಾಡು ಕಲಿಯುತ್ತಿತ್ತು. ಇವರಿದ್ದ ಈ ಲಾ ವಿನ್ಯಾ ಕೇರಿಯಲ್ಲಿ ಹುಟ್ಟಿದವರ ಕಿವಿಗೆ ಅದು ಸದ್ದಿನ ಲೆಕ್ಕಕ್ಕೆ ಸೇರುವುದಿಲ್ಲ. "ಓ, ಹುಡುಗರಾ? ಅದು ಅಭ್ಯಾಸ ಕಣೇ. ಅದೂ ಈಗ ನಿಂತೋಗಿದೆ. ಸೆರ್ವಾಂಡೊ ತೀರಿಕೊಂಡ ಸೋಮವಾರದಿಂದ ಪಾಪ, ಉಸಿರೂ ಬಿಟ್ಟಿಲ್ಲ. ಸ್ಪರ್ಧೆಗೆ ಹದಿನೈದು ದಿನ ಇದೆ. ಮನೇಲಿ ಸಾವಾಗಿದೆ, ಅವನ ಹೆಂಡತಿ ಬಾಯಿಬಿಟ್ಟು ಹೇಳೋ ತನಕ ಡ್ರಮ್ಮು ಮುಟ್ಟಬಾರದು ಅಂತ ಕೂತಿದಾರೆ."

ರೆಗ್ಲಾ ಕೇಳಿಸಿಕೊಂಡಳು. ಈ ವಾರ ಮನೆ ಇಷ್ಟು ಸದ್ದಿಲ್ಲದೆ ಇರುವುದು ತನ್ನ ತಲೆಯೊಳಗಿನ ವಿಷಯವೆಂದು ಅವಳು ತಿಳಿದಿದ್ದಳು. ಮೇಜಿಗೆ ಮರಳಿ, ಮೆಂತಿದೆರೊ ಕೇರಿ ಎಂದು ಉಶಿಯಾಗೆ ಬರೆದಳು. ಮರಗಳಿರುವ ಚೌಕ, ಒಳಂಗಳದ ಕಡೆಗೆ ತೆರೆಯುವ ರೂಮು, ಒಂದೂ ಅಂಗಡಿ ಇಲ್ಲ. ನಕ್ಷೆಯಲ್ಲಿ ಅದಕ್ಕೆ ತಿಳಿನೀಲಿ ಬಣ್ಣವಿತ್ತು.

ಶನಿವಾರ ಬೆಳಿಗ್ಗೆ ಫೋನು ಬಂತು.

"ಅಪ್ಪ ಕೋಟು ಹಾಕ್ಕೊಂಡು ಮಂಚದ ಮೇಲೆ ಕೂತಿದಾರೆ," ಎಂದಳು ಉಶಿಯಾ. "ನಾಳೆ ಬೆಳಗಿನ ರೈಲಿಗೆ ಟಿಕೆಟ್ ಬದಲಾಯಿಸು ಅಂತಾರೆ. ನಿಮ್ಮ ಮೇಲೆ ದೂರಿಲ್ಲ. ರೂಮು ಚೆನ್ನಾಗಿದೆ."

ರೆಗ್ಲಾ ಹೋದಳು. ಮುದುಕನ ಹೆಸರು ಅಮಾರೊ. ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ತಗಡು ಬಡಿದವನು, ಎಡಗಿವಿ ಅಲ್ಲೇ ಹೋಗಿತ್ತು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ.

"ಯಜಮಾನರೇ, ಏನು ಸರಿಬರಲಿಲ್ಲ ಹೇಳಿ."

"ಎಲ್ಲಾ ಸರಿಯಾಗಿದೆಯಮ್ಮ. ನಮ್ಮ ಮನೆ ಥರಾನೇ ಇದೆ." ಅವನು ಅಂಗಳದ ಕಡೆಗೆ ಕೈ ತೋರಿಸಿದ. "ಅವಳಿದ್ದಾಗ ರೇಡಿಯೊ ಬೆಳಗಿನ ಆರಕ್ಕೆ ಹಾಕಿದರೆ ಮಲಗೋವಾಗಲೇ ಆರಿಸೋದು. ಬೈತಿದ್ದೆ. ಈಗ ಬೆಳಿಗ್ಗೆ ಎದ್ದು ಕಾಯ್ತೀನಿ, ಕೆಳಗಿನ ಅಂಗಡಿಯವನು ಶಟರ್ ಎತ್ತಲಿ ಅಂತ. ಅದು ಕೇಳಿದ ಮೇಲೆ ಕಾಫಿ ಕುಡಿಯೋದು. ಇಲ್ಲಿ ಇವತ್ತು ಕಾದೆ, ಕಾದೆ. ಏನೂ ಇಲ್ಲ. ಇದನ್ನ ನೋಡೋಕೆ ಅಷ್ಟು ದೂರ ಯಾಕೆ ಬರಬೇಕಿತ್ತು?"

ಪತ್ರದಲ್ಲಿ ಎಲ್ಲವೂ ಇತ್ತು. ರೆಗ್ಲಾ ಓದಿದ್ದೂ ನಿಜ.

"ಟಿಕೆಟ್ ನಾಳೆಗೆ ತಾನೇ?" ಎಂದಳು. "ಈ ರಾತ್ರಿ ಬೇರೆ ಕೇರಿಯಲ್ಲಿ ಮಲಗಿ. ಕೋಟು ಬಿಚ್ಚೋದು ಬೇಡ, ಹಾಗೇ ಬನ್ನಿ."

"ಅಲ್ಲಿ ಏನಿದೆ?"

"ಸದ್ದಿದೆ."

ಅವನು ಒಳ್ಳೆಯ ಕಿವಿಯನ್ನು ಅವಳತ್ತ ತಿರುಗಿಸಿ, "ಎಷ್ಟು?" ಎಂದ. ಎಂಟು ತಿಂಗಳಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ ಅದು ಎಂದು ಉಶಿಯಾ ಆಮೇಲೆ ದಾರಿಯಲ್ಲಿ ಹೇಳಿದಳು.

ಸಂಜೆ ಎಂಕರ್ನಾಳ ರೂಮಿಗೆ ಪೆಟ್ಟಿಗೆಗಳು ಬಂದವು. ಮಂಚ, ಕಪಾಟು, ಬೀದಿಗೆ ತೆರೆಯುವ ಕಿಟಕಿ. ಕಿಟಕಿಯ ಹತ್ತಿರ ಒಂದು ಮಡಚುವ ಮರದ ಕುರ್ಚಿ. ಅದರ ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ ಕೆಳಗಿನ ತಂಡದ ಹೆಸರು ಬರೆದಿತ್ತು.

"ಇದು ಯಾಕೆ ಇಲ್ಲಿದೆ?" ಎಂದು ರೆಗ್ಲಾ ಕೇಳಿದಳು.

"ನಿನ್ನ ಗಂಡ ತಂದಿಟ್ಟಿದ್ದು." ಎಂಕರ್ನಾ ದಿಂಬಿಗೆ ಚೀಲ ಹಾಕುತ್ತಿದ್ದಳು. "ಕೆಳಗಿನವರ ಹತ್ರ ಇಸ್ಕೊಂಡು ಬಂದು ಹೋದ ವಾರ ಒಂದು ಗಂಟೆ ಇಲ್ಲಿ ಕೂತಿದ್ದ. ಕೆಳಗೆ ಅವರು ಹಾಡ್ತಾ ಇದ್ದರು. ಯಾರನ್ನೇ ಕಳಿಸೋ ಮುಂಚೆ ಎಲ್ಲಾ ಕಡೆ ಹೀಗೇ ಕೂತು ನೋಡ್ತಿದ್ದನಲ್ವಾ. ಒಂದು ಕಿವಿಗೆ ಹತ್ತಿ ಇಟ್ಕೊಂಡಿದ್ದ. ಏನೋ ಇದು ಅಂದ್ರೆ, ವಿಗೊದಿಂದ ಒಬ್ಬ ಮುದುಕ ಬರ್ತಾನೆ, ಅವನಿಗೊಂದು ಕಿವಿ ಕೇಳಲ್ಲ, ಹೇಗೆ ಕೇಳ್ಸುತ್ತೆ ನೋಡ್ತಿದೀನಿ ಅಂದ."

ಟೋಪಿ ಹಾಕಿಕೊಂಡು ಅವನು ಎಲ್ಲಿಗೆ ಹೋಗುತ್ತಿದ್ದ ಎಂಬುದು ರೆಗ್ಲಾಗೆ ಮದುವೆಯಾದ ಆರು ವರ್ಷದಲ್ಲಿ ಗೊತ್ತಾಗಿರಲಿಲ್ಲ. ಕುಡಿಯಲು ಹೋಗುತ್ತಾನೆಂದು ತಿಳಿದಿದ್ದಳು. ಊರಿನ ಎಷ್ಟು ರೂಮುಗಳಲ್ಲಿ ಅವನು ಹೀಗೆ ಪರರ ಕಿವಿ, ಪರರ ಮಂಡಿನೋವು ತಂದುಕೊಂಡು ಕುಳಿತಿದ್ದನೋ.

"ಇದನ್ನ ನನಗೆ ಗುರುವಾರವೇ ಹೇಳಬಾರದಿತ್ತಾ?"

"ನನ್ನ ರೂಮು ಕೊಡು ಅಂತ ಹೇಳಿದ್ನಲ್ಲ. ಓದಿದವಳು ನೀನು, ಗೋಡೆ ನೋಡ್ತಾ ನಿಂತಿದ್ದೆ."

ಅಮಾರೊ ಮಂಚದ ಅಂಚಿನಲ್ಲಿ ಕುಳಿತು ಕಾಯುತ್ತಿದ್ದ. ಬೀದಿಯಲ್ಲಿ ಯಾರೋ ಮೀನು ಕರಿಯುತ್ತಿದ್ದರು. ಒಂದು ಬೈಕು ಹೋಯಿತು. ಬೇರೇನೂ ಇಲ್ಲ. ಏಳು ಗಂಟೆಯಾಗುತ್ತ ಬಂದಿತ್ತು.

ರೆಗ್ಲಾ ಕೆಳಗಿಳಿದಳು. ನೆಲಮಾಳಿಗೆಯ ಬಾಗಿಲು ಓರೆಯಾಗಿತ್ತು. ಹನ್ನೆರಡು ಜನ ಗಂಡಸರು ವೃತ್ತಾಕಾರವಾಗಿ ಕುಳಿತು, ತುಟಿ ಮಾತ್ರ ಆಡಿಸುತ್ತ, ಬೆರಳಿನಿಂದ ಮಂಡಿಯ ಮೇಲೆ ತಾಳ ಹಾಕುತ್ತ ಪೂರ್ತಿ ಹಾಡನ್ನು ಸದ್ದಿಲ್ಲದೆ ಹೇಳುತ್ತಿದ್ದರು. ನಗಬೇಕಾದ ಕಡೆ ನಗುತ್ತಲೂ ಇದ್ದರು. ದೊಡ್ಡ ಡ್ರಮ್ಮಿಗೆ ಕಂಬಳಿ ಹೊದಿಸಿತ್ತು. ತಂಡದ ಹಿರಿಯ ಗಾಸ್ಪಾರ್ ಗೋಡೆಗೊರಗಿ ನಿಂತಿದ್ದವನು ಅವಳನ್ನು ಕಂಡು ಕೈ ಇಳಿಸಿದ. ತುಟಿಗಳೆಲ್ಲ ನಿಂತವು.

"ಮೇಲೆ ಕೇಳಿಸ್ತಾ? ನಾವು ಬಾಯೇ ಬಿಟ್ಟಿಲ್ಲ," ಎಂದ ಗಾಸ್ಪಾರ್.

"ಅದೇ ತೊಂದರೆ," ಎಂದಳು ರೆಗ್ಲಾ. "ಮೇಲೆ ಅತಿಥಿಗಳಿದಾರೆ. ಸದ್ದು ಇದೆ ಅಂತ ಹೇಳಿ ಕರ್ಕೊಂಡು ಬಂದಿದೀನಿ. ಹಾಡಿ."

ಗಾಸ್ಪಾರ್ ಡ್ರಮ್ಮಿನ ಕಂಬಳಿಯತ್ತ ನೋಡಿದ.

"ಖಂಡಿತಾನಾ, ಮಗಳೇ?"

"ಸೆರ್ವಾಂಡೊ ಆರಿಸಿದ ಕೇರಿ ಇದು. ನನ್ನಿಂದ ತಪ್ಪಾಗಿ ಬೇರೆ ಕಡೆ ಇಳಿಸಿದ್ದೆ. ಜೋರಾಗೇ ಬಾರಿಸಿ. ಅವರಿಗೆ ಒಂದೇ ಕಿವಿ."

ಕಂಬಳಿ ತೆಗೆದರು. ಮೊದಲ ಹೊಡೆತಕ್ಕೆ ಮೆಟ್ಟಿಲ ಕಂಬಿ ನಡುಗಿದ್ದು ಅವಳ ಕೈಗೆ ತಿಳಿಯಿತು. ಆರು ದಿನ ಅದುಮಿಟ್ಟ ದನಿಗಳೆಲ್ಲ ಒಟ್ಟಿಗೆ ಎದ್ದವು. ಹಾಡು ಪುರಸಭೆಯ ಕಸದ ಡಬ್ಬಿಗಳನ್ನು ಗೇಲಿ ಮಾಡುವಂಥದ್ದು. ಅವಳು ಮೆಟ್ಟಿಲ ಮೇಲೇ ಕುಳಿತಳು. ಸೆರ್ವಾಂಡೊ ಇದನ್ನು ಒಂದು ಗಂಟೆ ಕೇಳಿದ್ದ, ಅರ್ಧ ಕಿವಿಯಲ್ಲಿ.

ಎರಡನೆಯ ಹಾಡಿನ ನಡುವೆ ಮೇಲಿನ ಬಾಗಿಲು ತೆರೆಯಿತು. ಅಮಾರೊ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದ, ಅಂಗಿಯ ತೋಳಿನಲ್ಲಿ, ಕೋಟಿಲ್ಲದೆ. ಅವಳನ್ನು ದಾಟಿ ಹೋಗಿ ನೆಲಮಾಳಿಗೆಯ ಹೊಸ್ತಿಲಲ್ಲಿ ನಿಂತ. ಹಾಡು ಮುಗಿಯುವವರೆಗೂ ನಿಂತ.

"ಡ್ರಮ್ಮಿನವನು ಯಾರು?" ಎಂದ. "ಅವಸರ ಮಾಡ್ತೀಯಲ್ಲಪ್ಪ. ರೈಲು ಹಿಡೀಬೇಕಾ?"

ಎಲ್ಲರೂ ಡ್ರಮ್ಮಿನವನ ಕಡೆ ತಿರುಗಿದರು. "ನೋಡು, ನಾವು ಹೇಳಿದ್ರೆ ಕೇಳಲ್ಲ," ಎಂದ ಒಬ್ಬ. "ವಿಗೊದಿಂದ ಜನ ಬಂದು ಹೇಳಬೇಕಾಯ್ತು."

"ಇಲ್ಲಿ ಬಾರಿಸಿದ್ದು ನನ್ನ ಮಂಚದ ಕಾಲಿಗೆ ಬರ್ತಾ ಇದೆ," ಎಂದ ಮುದುಕ. "ತಾಳದಲ್ಲಿ ಸುಳ್ಳು ಹೇಳೋಕಾಗಲ್ಲ. ಇನ್ನೊಂದು ಸಲ ಹೇಳಿ ನೋಡೋಣ."

"ಬನ್ನಿ ಯಜಮಾನರೇ, ಕೂತ್ಕೊಳ್ಳಿ," ಎಂದು ಸುತ್ತ ನೋಡಿದ ಗಾಸ್ಪಾರ್ ತಲೆ ಕೆರೆದುಕೊಂಡ. "ಒಂದು ಕುರ್ಚಿ ಕಮ್ಮಿ ಇದೆ ನಮ್ಮಲ್ಲಿ. ಹತ್ತು ದಿನದಿಂದ ನಾನೇ ನಿಂತಿದೀನಿ. ಯಾರು ತಗೊಂಡು ಹೋದರೋ."

ರೆಗ್ಲಾ ಎದ್ದು ಮೇಲೆ ಹೋದಳು. ಕಿಟಕಿಯ ಬಳಿಯ ಕುರ್ಚಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಉಶಿಯಾ ಮಂಚದ ಮೇಲೆ ತಂದೆಯ ಕೋಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಕೆಳಗೆ ಬಂದು ರೆಗ್ಲಾ ಕುರ್ಚಿಯನ್ನು ಬಿಡಿಸಿ ವೃತ್ತದೊಳಗೆ ಇಟ್ಟಳು.

"ಸೆರ್ವಾಂಡೊ ತಗೊಂಡಿದ್ದ," ಎಂದಳು. "ವಾಪಸ್ ಕೊಡೋಕೆ ಆಗಿರಲಿಲ್ಲ."