ಗಂಡನ ಹಳೆಯ ಅಂಗಿ

ಹನ್ನೊಂದರಿಂದ ಮೂರರವರೆಗೆ ಬಿಸಿಲಿಗೆ ಬರಬೇಡಿ ಎಂದು ಹೇಳುವುದಕ್ಕೇ ಯರಗಟ್ಟಿಯ ಮೆಣಸಿನಕಾಯಿ ಕಣದ ಹೆಂಗಸರನ್ನೆಲ್ಲ ಆರೋಗ್ಯ ಇಲಾಖೆಯವರು ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿದ್ದರು. ಏನು ಜಾಣತನವೋ! ೨೦೦೬ರ ಮಾರ್ಚ್ ಅದು. ಭಾಷಣದ ಸಾಹೇಬರ ತಲೆಗೆ ಮಾತ್ರ ಜವಾನ ಛತ್ರಿ ಹಿಡಿದಿದ್ದ.

“ಕಣ್ಣಿಗೆ ಕಾಣದ ನೇರಳಾತೀತ ಕಿರಣದ ತೀವ್ರತೆಯ ಅಂಕಿ ಇಂದು ಹನ್ನೊಂದಕ್ಕೇರಿದೆ, ಅಂದರೆ ವಿಪರೀತ. ಮೋಡವಿದ್ದರೂ ಅದು ಚರ್ಮ ಸುಡುತ್ತದೆ. ತುಂಬುತೋಳು ತೊಡಿ, ತಲೆ ಮುಚ್ಚಿಕೊಳ್ಳಿ” ಎಂದು ಸಾಹೇಬರು ಚೀಟಿ ನೋಡಿ ಓದಿದರು.

ಕಣದ ಹಳೆಯ ಆಳು ಶಾಹಜಾನಬಿಗೆ ನಗು ಬಂತು. ಇಪ್ಪತ್ತು ವರ್ಷದಿಂದ ಅವಳು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡೇ ದುಡಿದವಳು. ತನ್ನ ನೆರಳು ಕಾಲಬುಡಕ್ಕೆ ಬಂದರೆ ಬೇವಿನ ಮರದ ಕೆಳಗೆ ಸರಿಯುವವಳು. ಅದನ್ನೇನು ಚೀಟಿ ಓದಿ ಕಲಿತಿರಲಿಲ್ಲ.

ಅಷ್ಟರಲ್ಲಿ ಫೋಟೋದವನು ಬಂದ. ಸಾಹೇಬರು ಹೆಂಗಸರನ್ನು ನೋಡಿ ಮೂಗು ಮುರಿದರು.

“ಆ ಹರಕ ಅಂಗಿ, ಟವೆಲ್ ಎಲ್ಲಾ ತಗೀರಿ. ಪೇಪರಿನ್ಯಾಗ ಚಂದ ಕಾಣಬೇಕು.”

ಶಾಹಜಾನಬಿ ಅಂಗಿ ಬಿಚ್ಚಿದಳು. ಸೀದಾ ಹೋಗಿ ಅದನ್ನು ಅರ್ಧ ತೋಳಿನ ಅಂಗಿ ತೊಟ್ಟಿದ್ದ ಸಾಹೇಬರ ಕೈಗಿಟ್ಟಳು.

“ತೊಗೋರಿ ಸಾಹೇಬ್ರ, ನೀವ ಹಾಕ್ಕೋರಿ. ನೀವು ಓದಿದ್ದು ನಿಮಗರ ತಿಳೀತು ಅಂತ ಪೇಪರಿನ್ಯಾಗ ಬರಲಿ.”