ಮೂಲಪ್ರತಿ

ಸಿದ್ದೇಶ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಿಂತು ಗೋಡೆಯ ಚೌಕಟ್ಟನ್ನು ಎಳೆದಾಗ ಮೊಳೆಯೂ ಗಾರೆಯ ಒಂದು ಚಕ್ಕೆಯೂ ಜೊತೆಗೇ ಕಿತ್ತುಬಂದವು. ನೀರು ಕೇಳಿದವರಿಗೆ ಚೊಂಬು ಒಯ್ಯಲು ಒಳಗೆ ಬಂದಿದ್ದ ಹೇಮಶ್ರೀ ಬಾಗಿಲಲ್ಲೇ ನಿಂತಳು. ಅಂಗಳದಲ್ಲಿ, ಶಾಮಿಯಾನದ ನೀಲಿ ನೆರಳಿನಲ್ಲಿ, ಅವರ ತಂದೆ ಉಗ್ರಪ್ಪನವರನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: ಎಷ್ಟೊತ್ತಿಗೆ ಮಣ್ಣು?

“ಅದ್ಯಾಕಣ್ಣ ಕೀಳ್ತಿದೀಯ?”

“ಅಪ್ಪನ ಜೊತೆಗಿಡಾಕೆ. ಕನ್ನಡಕ, ಪೆನ್ನು, ಇದು.”

“ಅದು ನಂದು.”

“ನಿಂದೇ ಕಣೇ. ಈ ಮನೇಲಿ ಅಪ್ಪಂಗೆ ಇದ್ಕಿಂತ ಇಷ್ಟವಾದದ್ದು ಇನ್ನೇನಿತ್ತು?”

ಗಾಜಿನ ಹಿಂದೆ ಹೇಮಶ್ರೀಯ ಹೆಸರಿತ್ತು, ವಿಶ್ವವಿದ್ಯಾಲಯದ ಮುದ್ರೆಯಿತ್ತು. ಬಿ.ಎ. ಮೊದಲ ವರ್ಷ ಮುಗಿಸಿ ಓದು ಬಿಟ್ಟವಳಿಗೆ ಕೊಟ್ಟ ಸರ್ಟಿಫಿಕೇಟು. ಸಿದ್ದೇಶ ಅದರ ಧೂಳನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ. ಅವನ ಕಣ್ಣು ನಿಜವಾಗಿಯೇ ಒದ್ದೆಯಾಗಿತ್ತು.

ಅಂಗಳದಲ್ಲಿ ಉಗ್ರಪ್ಪನವರ ದಾಯಾದಿ ಕೆಂಪರಾಜು, ತರೀಕೆರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ಗುರುಮೂರ್ತಿಯವರಿಗೆ ಹೇಳುತ್ತಿದ್ದ: “ಕುರಿ ಕೊಳ್ಳಾಕೆ ಹೋದ್ರೂ ಒರಿಜಿನಲ್ ಎಲ್ಲಿ ಅನ್ನೋನು ಕಣ್ರೀ ಇವನು. ನನ್ ಮದ್ವೇಲಿ ಲಗ್ನಪತ್ರಿಕೆ ಜೆರಾಕ್ಸ್ ಮಾಡ್ಸಿ ಹಂಚಿದ್ದೆ. ಇದು ನಡೆಯಲ್ಲ ಕಣಪ್ಪ ಅಂದ. ಊಟಕ್ಕೇನೋ ಬಂದ.”

ಗುರುಮೂರ್ತಿ ನಗಲು ಹೋಗಿ ತಡೆದುಕೊಂಡರು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಉಗ್ರಪ್ಪನವರ ಪಕ್ಕದ ಮೇಜು ಅವರದು. “ಆಫೀಸಲ್ಲೂ ನಾವು ಒರಿಜಿನಲ್ ಉಗ್ರಪ್ಪ ಅಂತ್ಲೇ ಕರೀತಿದ್ವಿ,” ಎಂದರು.

*

ಕೆಲವು ವರ್ಷಗಳ ಹಿಂದೆ, ಓದನ್ನು ನಡುವೆ ಬಿಡುವವರ ಕುರಿತ ನಿಯಮಾವಳಿಯ ಕರಡು ಬರೆಯಲು ಉಗ್ರಪ್ಪನವರನ್ನು ಸಮಿತಿಗೆ ಕರೆಸಿದ್ದರು. ಪೂರ್ತಿ ಓದಿದವರಿಗೆ ಪದವಿ, ಅದರಲ್ಲಿ ಚರ್ಚೆಯಿರಲಿಲ್ಲ. ಎರಡು ವರ್ಷಕ್ಕೆ ಬಿಟ್ಟವರಿಗೆ ಡಿಪ್ಲೊಮಾ ಎಂಬುದಕ್ಕೂ ಒಪ್ಪಿಗೆ ಸಿಕ್ಕಿತ್ತು. ಒಂದೇ ವರ್ಷ ಓದಿದವರಿಗೆ ಏನು ಕೊಡುವುದೆಂಬಲ್ಲಿ ಸಭೆ ನಿಂತುಹೋಯಿತು.

“ಹಾಜರಾತಿ ಪತ್ರ ಸಾಕು,” ಎಂದರು ಹಿರಿಯ ಪ್ರಾಧ್ಯಾಪಕರೊಬ್ಬರು. “ಅರ್ಧ ಕಟ್ಟಿದ ಮನೆಗೆ ಗೃಹಪ್ರವೇಶ ಯಾಕೆ?”

ಗೋಡೆಗಂಟಿದ ಕುರ್ಚಿಯಿಂದ ಉಗ್ರಪ್ಪ ಎದ್ದು ನಿಂತರು. “ನಮ್ಮ ಕಡೆ ಅರ್ಧ ಕಟ್ಟಿದ ಮನೇಲೇ ಜನ ಸಂಸಾರ ಮಾಡ್ತಾರೆ ಸರ್. ಬರಿಗೈಲಿ ಕಳಿಸಬೇಡಿ.”

ಸರ್ಟಿಫಿಕೇಟು ಎಂಬ ಪದ ಕರಡಿನೊಳಗೆ ಬಂದದ್ದು ಹಾಗೆ. ಅದರ ಕೆಳಗಿನ ವಾಕ್ಯವೂ ಅವರದೇ: ಮರಳಿ ಸೇರಬಯಸುವವರು ಮೂಲಪ್ರತಿಯನ್ನು ಹಿಂದಿರುಗಿಸತಕ್ಕದ್ದು, ನಕಲು ಪ್ರತಿ ಸಲ್ಲದು.

“ಕಳೆದುಹೋಗಿದ್ದರೆ?” ಎಂದು ಯಾರೋ ಕೇಳಿದರು.

“ಕಳೆದುಹೋಗಬಾರದು ಸರ್. ನಮ್ಮ ಕೇರಿ ಮಕ್ಕಳು ನಿಜವಾದ ಕಾಗದ ತಂದ್ರೂ ಬೆಳಕಿಗೆ ಹಿಡಿದು ನೋಡ್ತಾರೆ. ನಕಲಿಗೆ ದಾರಿ ಬಿಟ್ರೆ ಮೊದಲು ಅನುಮಾನ ಬರೋದು ಅವರ ಮೇಲೇನೇ.”

ಸಭೆ ಆ ವಾಕ್ಯವನ್ನು ಹಾಗೆಯೇ ಉಳಿಸಿಕೊಂಡಿತು. ಆಗ ಉಗ್ರಪ್ಪ, ತಮ್ಮ ಜೀವಮಾನದಲ್ಲಿ ಬಹುಶಃ ಮೊದಲ ಸಲ, ಯಾರೂ ಹೇಳದೆಯೇ ಕುರ್ಚಿಯಲ್ಲಿ ಹಿಂದಕ್ಕೊರಗಿ ಕುಳಿತರು.

*

ಚೊಂಬನ್ನು ಕೊಟ್ಟು ಹೇಮಶ್ರೀ ಗುರುಮೂರ್ತಿಯವರ ಬಳಿ ನಿಂತಳು. “ಸರ್, ಡೂಪ್ಲಿಕೇಟ್ ತೆಗ್ಸಿ ಕೊಟ್ರೆ ಕಾಲೇಜಿಗೆ ವಾಪಸ್ ಸೇರಿಸ್ಕೊಳ್ಳಲ್ವಾ?”

“ಇಲ್ಲಮ್ಮ. ನಿಮ್ಮಪ್ಪನೇ ಬರೆಸಿದ್ದಲ್ವಾ. ಈ ತಿಂಗಳು ಕಳೆದ್ರೆ ನಿನ್ನ ಬ್ಯಾಚಿನವರಿಗೆ ವಾಪಸ್ ಸೇರೋ ಅವಕಾಶಾನೇ ಇಲ್ಲ. ಯಾಕೆ, ಒರಿಜಿನಲ್ ಇದೆಯಲ್ಲ ಮನೇಲಿ?”

ಅವಳು ಹಿತ್ತಿಲಿಗೆ ನಡೆದಳು. ಸಿದ್ದೇಶ ಅಲ್ಲಿ ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ.

“ಅದನ್ನ ಕೊಡಣ್ಣ. ನಿಂಗೆ ಗೊತ್ತಿದ್ದೇ ಮಾಡ್ತಿದೀಯ.”

ಅವನು ಗಂಟಿನಿಂದ ಕಣ್ಣೆತ್ತಲಿಲ್ಲ. “ಓದಾಕೆ ಹೋದ್ರೆ ನೀನು ಸಿಂಗಟಗೆರೆಗೆ, ಗಂಡನ ಮನೆಗೆ ವಾಪಸ್ ಹೋಗ್ತೀಯೇನೇ?”

“ಹೋಗಲ್ಲ.”

“ಆಗ ತಿಮ್ಮೇಶ ಸುಮ್ಕಿರ್ತಾನಾ? ಅವನ ಹೆಂಡ್ತಿ ನೀನು ಇಲ್ಲಿ ಕೂತ್ರೆ ಅವನ ತಂಗೀನ ಅವನು ಕರ್ಕೊಂಡೋಗ್ತಾನೆ. ನನ್ ಹೆಂಡ್ತಿ ಕಣೇ ಅವಳು. ನನ್ ಕೂಸು ಏನ್ಮಾಡ್ಬೇಕು? ಕೊಟ್ಟು ತಂದ ಸಂಬಂಧ, ನೀನೊಬ್ಳು ಕಿತ್ಕೊಂಡ್ರೆ ಎರಡು ಮನೆ ಬೀಳ್ತವೆ. ತಿಮ್ಮೇಶ ಕೆಟ್ಟೋನೇನಲ್ಲ, ಸಿಟ್ಟು ಜಾಸ್ತಿ ಅಷ್ಟೆ.”

ಹೇಮಶ್ರೀ ಬಲಗಿವಿಯನ್ನು ಅವನತ್ತ ತಿರುಗಿಸಿಕೊಂಡೇ ಇದನ್ನೆಲ್ಲ ಕೇಳಿದಳು. ಎಡಗಿವಿ ಕೇಳುವುದನ್ನು ಬಿಟ್ಟು ವರ್ಷವಾಗಿತ್ತು. ಅತ್ತ ಬೇಲಿಯ ಬಳಿ ತಿಮ್ಮೇಶ, ಒಳ್ಳೆಯ ಅಳಿಯನಂತೆ, ಬಂದವರಿಗೆ ಕುರ್ಚಿ ಬಿಡಿಸಿ ಹಾಕುತ್ತಿದ್ದ.

*

ಹೋದ ತಿಂಗಳು ಉಗ್ರಪ್ಪ ಮಂಚದಲ್ಲಿ ಗೋಡೆಗೊರಗಿ ಕುಳಿತು ಅವಳನ್ನು ಕರೆದಿದ್ದರು. ಮದುವೆಯ ಮಾತು ಬಂದಾಗ ಒಪ್ಪಿದವರು ಅವರೇ. ಕೈಲೊಂದು ಸರ್ಟಿಫಿಕೇಟಿದೆಯಲ್ಲ, ಮುಂದೆ ಬೇಕಾದ್ರೆ ಓದ್ಬೋದು ಎಂದು, ಅದನ್ನು ತರೀಕೆರೆಯಲ್ಲಿ ಕಟ್ಟು ಹಾಕಿಸಿ ತಂದಿದ್ದರು.

“ಬರಿಗೈಲಿ ಯಾರೂ ಹೋಗಬಾರ್ದು ಅಂತ ಮಾಡ್ದೆ ಕಣವ್ವ,” ಎಂದರು. ಉಸಿರು ಸಾಲದೆ ಸ್ವಲ್ಪ ತಡೆದರು. “ಕೈಗೊಂದು ಕಾಗದ ಕೊಟ್ಟು ಕಳಿಸಿಬಿಡೋದು ಎಲ್ಲರಿಗೂ ಸಲೀಸಾಗೋಯ್ತು. ನಂಗೂನೂ.”

ಎದ್ದು ಚೌಕಟ್ಟಿನತ್ತ ಕೈ ಚಾಚಿದರು. ಬೆರಳು ಗಾಜಿನ ಕೆಳಗೇ ನಿಂತಿತು. ಗೋಡೆ ಹಿಡಿದು ಮತ್ತೆ ಕುಳಿತರು.

“ನಾನು ತೆಗೀಲಾ ಅಪ್ಪ?”

“ಬ್ಯಾಡ. ನಾನೇ ಇಳ್ಸಿ ಕೊಡ್ತೀನಿ. ನಾಳೆ ಒಸಿ ಸುಧಾರಿಸ್ಲಿ.”

ಅವಳು ಕೈ ಹಿಂದೆಗೆದಳು. ಮುದುಕನೊಬ್ಬನಿಗೆ ಉಳಿದಿದ್ದ ಒಂದೇ ಕೆಲಸವನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ಮರುದಿನ ಅವರು ಸುಧಾರಿಸಿಕೊಳ್ಳಲಿಲ್ಲ. ಅದರ ಮಾರನೆಯ ದಿನವೂ.

*

ಅಜ್ಜಂಪುರದ ಆಚೆ, ಈರುಳ್ಳಿ ಕಿತ್ತು ಬರಿದಾದ ಎರೆಹೊಲದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಆ ಮನೆತನದ ಹೆಂಗಸರು ಗುಂಡಿಯ ತನಕ ಬರುವುದು ಮೊದಲಿನಿಂದಲೂ ರೂಢಿ. ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳಿ ಮುಗಿಸಿ, ದೇಹವನ್ನು ಕೆಳಗಿಳಿಸಿದರು. ಸಿದ್ದೇಶ ಗುಂಡಿಗೆ ಧುಮುಕಿ ತಂದೆಗೆ ಕನ್ನಡಕ ಹಾಕಿದ, ಜೇಬಿಗೆ ಪೆನ್ನು ಸಿಕ್ಕಿಸಿದ, ಚೌಕಟ್ಟನ್ನು ಎದೆಯ ಮೇಲಿಟ್ಟು ಎರಡು ಕೈಗಳನ್ನೂ ತಂದು ಅದರ ಮೇಲೆ ಜೋಡಿಸಿದ.

“ಒಳ್ಳೇ ಕೆಲ್ಸ ಮಾಡ್ದೆ ಕಣೋ,” ಎಂದ ಕೆಂಪರಾಜು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿದ್ದೇಶ ಮೇಲೆ ನೋಡಿದಾಗ ಎಷ್ಟೋ ಕೈಗಳು ಒಟ್ಟಿಗೆ ಇಳಿದು ಅವನನ್ನು ಎತ್ತಿಕೊಂಡವು.

“ಅದನ್ನ ತೆಗ್ದು ಕೊಡಣ್ಣ,” ಎಂದಳು ಹೇಮಶ್ರೀ. ಅವಳ ದನಿ ಏರಿರಲಿಲ್ಲ. “ಅಪ್ಪ ಅದನ್ನ ನಂಗೆ ಇಳ್ಸಿ ಕೊಡ್ತೀನಿ ಅಂದಿದ್ರು.”

“ಸುಮ್ಕಿರು ಮಗಾ,” ಎಂದಳು ತಾಯಿ ಓಬಮ್ಮ. “ಗುಂಡಿಗಿಟ್ಟಿದ್ದನ್ನ ತೆಗೀಬಾರ್ದು.”

ಸಲಿಕೆ ಹಿಡಿದವರು ಸಿದ್ದೇಶನತ್ತ ನೋಡಿದರು. ಮಣ್ಣು ಹಾಕಿ ಎಂಬಂತೆ ಸಿದ್ದೇಶ ತಲೆಯಾಡಿಸಿದ. ಅಷ್ಟರಲ್ಲಿ ಹೇಮಶ್ರೀ ಗುಂಡಿಯ ಅಂಚಿನಲ್ಲಿ ಕುಳಿತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೆಳಗೆ ಜಾರಿದ್ದಳು.

ತಂದೆಯ ಬೆರಳುಗಳು ಆಗಲೇ ಸೆಟೆದಿದ್ದವು. ಒಂದೊಂದನ್ನೇ ಸರಿಸಿದಳು, ನೋವಾದೀತೆಂಬಂತೆ. ಚೌಕಟ್ಟನ್ನು ಕಂಕುಳಿಗೆ ಸೇರಿಸಿ, ಕೈಗಳನ್ನು ಮೊದಲಿದ್ದ ಹಾಗೆಯೇ ಜೋಡಿಸಿಟ್ಟು ಎದ್ದು ನಿಂತಳು. ಗುಂಡಿಯ ಅಂಚು ಅವಳ ತಲೆಗಿಂತ ಮೇಲಿತ್ತು. ಬಿಡುವಾಗಿದ್ದ ಕೈಯನ್ನು ಮೇಲೆ ಚಾಚಿದಳು.

ಮೇಲೆ ಕಾಲುಗಳು ಕಾಣುತ್ತಿದ್ದವು. ತಿಮ್ಮೇಶನ ಕಾಲುಗಳು ಒಂದು ಹೆಜ್ಜೆ ಹಿಂದಕ್ಕೆ ಸರಿದವು. ಗುರುಮೂರ್ತಿ ಮುಂದೆ ಬಂದರು. ಯಾರೋ ಅವರ ತೋಳು ಹಿಡಿದು, “ಮನೆ ವಿಚಾರ ಸಾರ್, ಬಿಡಿ,” ಎಂದರು. ಓಬಮ್ಮ ಅಲ್ಲೇ ಕುಸಿದು ಕುಳಿತು ಮುಖ ಮುಚ್ಚಿಕೊಂಡಳು.

ಹೇಮಶ್ರೀ ಸ್ವಲ್ಪ ಹೊತ್ತು ಕೈ ಚಾಚಿಯೇ ಇದ್ದಳು. ಆಮೇಲೆ ಅದನ್ನು ಇಳಿಸಿ, ಗುಂಡಿಯ ಗೋಡೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಕಾಲಿಡಲು ಒಂದು ಮೆಟ್ಟಿಲು ಕೆರೆಯತೊಡಗಿದಳು. ಎರೆಮಣ್ಣು ಗಟ್ಟಿಯಾಗಿತ್ತು, ಉಗುರಿಗೆ ಹೆಂಟೆ ಹೆಂಟೆಯಾಗಿ ಕಿತ್ತು ಬಂತು. ಉಗ್ರಪ್ಪನವರ ಮೇಲೆ ಆ ದಿನ ಮೊದಲು ಬಿದ್ದ ಮಣ್ಣು ಅದು.